ಮಲಾವಿಯ ಮಳೆಗೆ ನಾಲ್ಕು ಶುಕ್ರವಾರ

ಲೋಕಸೇವೆಯೆಂಬ ಮಹಾಕಾರ್ಯದಲ್ಲಿ ಎರಡು ಬಗೆಯ ಜನ ದಣಿಯುತ್ತಾರೆ. ಮನೆಮಾರು ಬಿಟ್ಟು, ಭಾಷೆ ಬಾರದ ದೇಶಕ್ಕೆ ಹೋಗಿ, ಅಲ್ಲಿಯ ಬಡವರ ನಡುವೆ ಬಾಳುವವರು ಒಂದು ಬಗೆ. ಅವರನ್ನು ಇಲ್ಲಿಂದ ಬೆಂಬಲಿಸುವವರು ಇನ್ನೊಂದು ಬಗೆ. ಮೊದಲನೆಯವರ ದಣಿವು ಎಲ್ಲರಿಗೂ ಕಾಣುತ್ತದೆ. ಎರಡನೆಯವರದನ್ನು ಕುರಿತು ಯಾರೂ ಗಂಭೀರವಾಗಿ ಚಿಂತಿಸಿದಂತಿಲ್ಲ. ನಾನು ಚಿಂತಿಸಿದ್ದೇನೆ. ಯಾಕೆಂದರೆ ನಾನು ಆ ಎರಡನೆಯ ಬಗೆಯವನು, ಮತ್ತು ಮಧ್ಯಾಹ್ನ ಊಟವಾದ ಮೇಲೆ ನನಗೆ ಚಿಂತಿಸುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ.

ನನ್ನ ಅಕ್ಕ ಸುಗುಣಳ ಮಗಳು ಕೃಪಾ, ಅವಳ ಗಂಡ ಸುನಿಲ್, ಅವರ ಆರು ವರ್ಷದ ಮಗಳು, ಈ ಮೂವರು ಬಸವೇಶ್ವರನಗರದಿಂದ ಹೊರಟು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯಲ್ಲಿ ನೆಲೆಸಿ ಮೂರು ವರ್ಷವಾಯಿತು. ಆ ಹಳ್ಳಿಯ ಹೆಸರನ್ನು ನಾನು ಬರೆಯಬಲ್ಲೆ, ಹೇಳಲಾರೆ. ಅಲ್ಲಿ ಕೃಪಾ ಹೆಂಗಸರಿಗೆ ಹೊಲಿಗೆ, ಕೈತೋಟ ಹೇಳಿಕೊಡುತ್ತಾಳೆ. ಸುನಿಲ್ ಬಾವಿ, ಮೇಕೆಗಳ ಕಾಯಿಲೆ ನೋಡಿಕೊಳ್ಳುತ್ತಾನೆ. ಭಾನುವಾರ ಮರದಡಿ ಆರಾಧನೆ ನಡೆಸುತ್ತಾರೆ. ನಮ್ಮ ತಾತನ ಕಾಲದಲ್ಲಿ ಬಿಳಿಯ ದೊರೆಸಾನಿಯರು ಹಡಗು ಹತ್ತಿ ಬಂದು, ಗಾಯಕ್ಕೆ ಬಟ್ಟೆ ಕಟ್ಟುವುದು ಹೇಗೆಂದು ನಮ್ಮವರಿಗೆ ಕಲಿಸಿದರಂತೆ. ಈಗ ನಮ್ಮ ಮನೆಯ ಹುಡುಗಿ ಇನ್ನೊಂದು ದೇಶಕ್ಕೆ ಹೋಗಿ ಸೊಪ್ಪು ಬೆಳೆಯುವುದನ್ನು ಕಲಿಸುತ್ತಿದ್ದಾಳೆ ಎಂದರೆ ನಮಗೆ ಹೆಮ್ಮೆ. ಇಲ್ಲಿದ್ದಾಗ ಅವಳ ಕೈಯಲ್ಲಿ ಒಂದು ಕರಿಬೇವಿನ ಗಿಡ ಬದುಕಿದ್ದನ್ನು ನಾನು ಕಂಡಿಲ್ಲ ಎಂಬುದು ಬೇರೆ ಮಾತು.

ನಮ್ಮ ಪಕ್ಕದ ಮನೆಯ ನಂಜಪ್ಪನವರಿಗೆ ಈ ವಿಷಯ ಅರ್ಥ ಮಾಡಿಸಲು ನನಗೆ ಒಂದು ವರ್ಷ ಹಿಡಿಯಿತು. ವಿಜಯನಗರದ ನಮ್ಮ ರಸ್ತೆ ಅವರ ತಂದೆಯ ರಾಗಿ ಹೊಲವಾಗಿತ್ತು. "ನಿಮ್ಮ ಸೋದರ ಸೊಸೆ ಆಫ್ರಿಕಾದಲ್ಲಿ ಯಾವ ಕಂಪನಿ ಸಾರ್?" ಎಂದು ಕೇಳಿದರು. ಕಂಪನಿಯಲ್ಲ, ಸೇವೆ ಎಂದೆ. "ಸರಿ ಸಾರ್, ಆದ್ರೂ ಕಂಪನಿ ಯಾವ್ದು?" ಎಂದರು. ಕೊನೆಗೆ ಬಾವಿಯ ಮಾತು ಬಂದಾಗ ಮುಖ ಅರಳಿಸಿ, "ಅಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತಂತೆ?" ಎಂದು ಕೇಳಿದರು. ಮೂವತ್ತು ಅಡಿಗೆ ಎಂದೆ. ಅವರು, "ಅದೃಷ್ಟವಂತರು ಬಿಡಿ, ಅವರೇ ಬಂದು ನಮ್ಗೆ ಏನಾದ್ರೂ ಮಾಡ್ಬೇಕು" ಎಂದರು.

ಇನ್ನು ನನ್ನ ದಣಿವಿನ ವಿಷಯ. ಕೃಪಾ ಇರುವ ಹಳ್ಳಿಯಲ್ಲಿ ಫೋನು ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಪೇಟೆಗೆ ಬಂದು, ಎಲ್ಲ ಚರ್ಚು ಸಭೆಗಳಿಗೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನಾ ಪತ್ರವನ್ನು ಇ-ಮೇಲಿನಲ್ಲಿ ಕಳಿಸುತ್ತಾರೆ. ನಮ್ಮ ಸಭೆಯ ಹಿರಿಯರಿಗೆ ಅದನ್ನು ಕನ್ನಡ ಮಾಡಿ ಓದಿ ಹೇಳುವ ಕೆಲಸ ನನ್ನದು. ಪೇಟೆಗೆ ಬಂದ ದಿನ ಕೃಪಾ ಅಕ್ಕನಿಗೆ ಫೋನು ಮಾಡುತ್ತಾಳೆ ನಿಜ. ಆದರೆ ಆ ಐದು ನಿಮಿಷವೂ ಮೊಮ್ಮಗಳ ಬಿದ್ದ ಹಲ್ಲಿಗೇ ಸಾಲದು. "ಮಿಕ್ಕಿದ್ದೆಲ್ಲಾ ಕಾಗದದಲ್ಲಿ ಬರ್ದಿದೀನಮ್ಮ, ಮಾವ ಓದ್ತಾರೆ" ಎಂದು ಇಟ್ಟುಬಿಡುತ್ತಾಳೆ. ಅಕ್ಕನಿಗೆ ಇಂಗ್ಲಿಷ್ ಬಾರದು. ಹೀಗೆ ಮಲಾವಿಗೂ ಪಶ್ಚಿಮ ಬೆಂಗಳೂರಿಗೂ ನಡುವೆ ಇರುವ ಏಕೈಕ ಸೇತುವೆ ನಾನು. ಸೇತುವೆಗೆ ಮಂಡಿ ನೋವಿದೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಅಲ್ಲಿ ಕಲಿತ ಎರಡು ವ್ರತಗಳನ್ನು ಇಂದಿಗೂ ಬಿಟ್ಟಿಲ್ಲ. ಮೊದಲನೆಯದು, ಕರಡು ತಯಾರಿಸದೆ ಯಾವ ಕಾಗದವನ್ನೂ ಮುಂದಕ್ಕೆ ಕಳಿಸಬಾರದು. ಎರಡನೆಯದು, ಮೊದಲು ಬಂದ ಕಡತ ವಿಲೇವಾರಿಯಾಗುವ ತನಕ ಮುಂದಿನ ಕಡತವನ್ನು ಬಿಚ್ಚಬಾರದು. ಮೇಕೆಯ ಕಾಯಿಲೆಯನ್ನು ಗಂಭೀರವಾದ ಕನ್ನಡದಲ್ಲಿ ಬರೆಯುವುದು ನೀವು ತಿಳಿದಷ್ಟು ಸುಲಭವಲ್ಲ. ಒಂದೊಂದು ಪತ್ರಕ್ಕೆ ನನಗೆ ಮೂರು ವಾರ ಬೇಕು, ಅದಾದ ಮೇಲೆ ಸುಧಾರಿಸಿಕೊಳ್ಳಲು ಒಂದಷ್ಟು ದಿನ. "ನೀವು ಅನುವಾದ ಮುಗಿಸೋ ಹೊತ್ತಿಗೆ ಆ ಊರು ಅಭಿವೃದ್ಧಿಯಾಗಿ ಪಟ್ಟಣ ಆಗಿರತ್ತೆ" ಎಂದು ನನ್ನ ಹೆಂಡತಿ ಹೇಳುವುದುಂಟು. ಸಾಹಿತ್ಯದ ಗಂಧವಿಲ್ಲದವಳು ಎಂದುಕೊಂಡು ನಿಘಂಟು ತೆರೆಯುತ್ತೇನೆ.

ಅಕ್ಟೋಬರಿನಲ್ಲಿ ಬಂದ ಪತ್ರ ಬಹಳ ಸಂತೋಷದ್ದು. ಹಳ್ಳಿಯ ಹೆಂಗಸರೆಲ್ಲ ಸೇರಿ ಹೊಲಿಗೆ ತರಗತಿಗೂ ಜೋಳದ ದಾಸ್ತಾನಿಗೂ ಒಂದು ದೊಡ್ಡ ಕೋಣೆ ಕಟ್ಟಲು ಮಣ್ಣು ಕಲಸಿ ಇಟ್ಟಿಗೆ ಕೊಯ್ದಿದ್ದರು. ಇನ್ನೆರಡು ವಾರದಲ್ಲಿ ಅವನ್ನು ಗೂಡಿಗಿಟ್ಟು ಸುಡುತ್ತಾರೆ, ಆಮೇಲೆ ಬಿತ್ತನೆಗೆ ಒಳ್ಳೆಯ ಮಳೆ ಬರಲೆಂದು ಪ್ರಾರ್ಥಿಸಿ ಎಂದಿತ್ತು. ಕೋಣೆ ಎದ್ದುಬಿಟ್ಟರೆ ಮೇ ತಿಂಗಳಲ್ಲಿ ಮೂವರೂ ರಜೆಗೆ ಊರಿಗೆ ಬರುವುದಾಗಿಯೂ ಬರೆದಿದ್ದರು. ನಾನು ಇದರ ಎರಡನೆಯ ಕರಡಿನಲ್ಲಿದ್ದಾಗ ನವೆಂಬರಿನ ಪತ್ರ ಬಂತು. ಅತ್ತಿಗುಪ್ಪೆ ಮೆಟ್ರೋ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ಹಾಕಿಸಿ, ಮಡಚಿ, ಸರದಿಯ ಪ್ರಕಾರ ಅಕ್ಟೋಬರಿನ ಪತ್ರದ ಕೆಳಗಿಟ್ಟೆ. ಓದಲಿಲ್ಲ. ವ್ರತ.

ಅಕ್ಟೋಬರಿನ ಪತ್ರವನ್ನು ನಾನು ಸಭೆಯಲ್ಲಿ ಓದಿದ ದಿನ ಹಲವರು ಕಣ್ಣೊರೆಸಿಕೊಂಡರು. ಅಕ್ಕ ಎದ್ದು ನಿಂತು, ಮಲಾವಿಯ ಮಳೆಗಾಗಿ ನಾಲ್ಕು ಶುಕ್ರವಾರ ಉಪವಾಸ ಪ್ರಾರ್ಥನೆ ನಡೆಯಲಿ ಎಂದಳು. ಸುಗುಣಕ್ಕ ಹೇಳಿದ ಮೇಲೆ ಮುಗಿಯಿತು; ನಮ್ಮ ಸಭೆಯಲ್ಲಿ ಅದಕ್ಕೆ ತಿದ್ದುಪಡಿಯಿಲ್ಲ. ಎಪ್ಪತ್ತೊಂದು ವರ್ಷದ ಸಕ್ಕರೆ ಕಾಯಿಲೆಯ ಹೆಂಗಸು ನಾಲ್ಕು ಶುಕ್ರವಾರ ಬರೀ ನೀರು ಕುಡಿದು ಮೊಣಕಾಲೂರಿದಳು. "ಸ್ವಲ್ಪ ಗಂಜಿಯಾದ್ರೂ ಕುಡಿ ಅಕ್ಕ" ಎಂದರೆ, "ಗಂಜಿ ಕುಡಿದ್ರೆ ತುಂತುರು ಬರತ್ತೆ ಕಣೋ, ನಂಗೆ ಬೇಕಿರೋದು ಮಳೆ" ಎಂದಳು. ಈ ನಡುವೆ ಪೇಂಟರನ್ನು ಕರೆಸಿ ಮಗಳ ಕೋಣೆಗೆ ಬಣ್ಣವನ್ನೂ ಹೊಡೆಸಿದಳು. ನಾನೂ ಉಪವಾಸವಿದ್ದೆ, ಮಧ್ಯಾಹ್ನದವರೆಗೆ.

ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ನವೆಂಬರಿನ ಪತ್ರದ ಸರದಿ ಬಂತು. ಕನ್ನಡಕ ಒರೆಸಿಕೊಂಡು ಬಿಚ್ಚಿದೆ. ಮಲಾವಿಯಲ್ಲಿ ಈ ಸಲ ಮಳೆ ಮೊದಲೇ ಬಂದುಬಿಟ್ಟಿತ್ತು. ಹೊಯ್ಯುತ್ತಲೇ ಇತ್ತು. ಸೌದೆ ಸಿಗುವುದು ತಡವಾಗಿ ಗೂಡು ಸುಟ್ಟಿರಲಿಲ್ಲ. ಹಸಿ ಇಟ್ಟಿಗೆಯ ಮೇಲೆ ಹುಲ್ಲು ಹೊದಿಸಿ ಕಾಯುತ್ತಿದ್ದರು. ದಯವಿಟ್ಟು ಮಳೆ ನಿಲ್ಲಲೆಂದು ಪ್ರಾರ್ಥಿಸಿ ಎಂದಿತ್ತು. ಎರಡನೆಯ ಹಾಳೆಯಲ್ಲಿ ಕೃಪಾ ನಮಗೆಂದೇ ನಾಲ್ಕು ಸಾಲು ಸೇರಿಸಿದ್ದಳು: ಬೆಂಗಳೂರಿನಿಂದ ಡಾಕ್ಟರುಗಳ ಒಂದು ತಂಡ ಇಪ್ಪತ್ತನೇ ತಾರೀಕು ಹೊರಟು ಇಲ್ಲಿಗೆ ಬರುತ್ತಿದೆ, ಅವರ ಕೈಲಿ ಎರಡು ಗಟ್ಟಿ ಟಾರ್ಪಾಲು ಕಳಿಸಿ ಮಾವ, ಇಲ್ಲಿ ಸಿಗುತ್ತಿಲ್ಲ, ಅಷ್ಟಾದರೆ ಇಟ್ಟಿಗೆ ಉಳಿಯುತ್ತದೆ, ಇಲ್ಲವಾದರೆ ನಾವು ಮೇ ತಿಂಗಳಲ್ಲಿ ಬರಲಾಗುವುದಿಲ್ಲ.

ಡಾಕ್ಟರುಗಳು ಹೋಗಿ ಹದಿನೈದು ದಿನವಾಗಿತ್ತು.

ಕಾಲು ತಾನಾಗಿ ನಂಜಪ್ಪನವರ ಮನೆಗೆ ಹೋಯಿತು. ಅವರು ಒಂದು ಕಾಲದಲ್ಲಿ ಕೆಂಗೇರಿಯ ಕಡೆ ಇಟ್ಟಿಗೆ ಗೂಡು ನಡೆಸಿದವರು. ಹಸಿ ಇಟ್ಟಿಗೆಯ ಮೇಲೆ ತಿಂಗಳಿಡೀ ಮಳೆ ಬಿದ್ದರೆ ಏನಾಗುತ್ತದೆ ಎಂದು, ಯಾರದೋ ವಿಷಯವೆಂಬಂತೆ ಕೇಳಿದೆ. "ಏನಾಗುತ್ತೆ, ಮಣ್ಣಾಗುತ್ತೆ" ಎಂದರು ನಂಜಪ್ಪ. "ಮ್ಯಾಲೆ ಟಾರ್ಪಾಲ್ ಹಾಕಿದ್ರಾ?"

"ಇರಲಿಲ್ಲವಂತೆ." ಆ 'ಅಂತೆ'ಯಲ್ಲೇ ಅವರಿಗೆ ಯಾರ ಇಟ್ಟಿಗೆಯೆಂದು ತಿಳಿದುಹೋಯಿತು.

"ಒಂದು ಮಾತು ಹೇಳ್ಬಾರ್ದಾ ಸಾರ್! ನಮ್ಮ ಮಹಡಿ ಮ್ಯಾಲೆ ನಾಲ್ಕು ಬಿದ್ದವೆ. ಗೂಡು ಮುಚ್ಚಿದಾಗಿಂದ ಹಂಗೇ ಅವೆ. ನಮ್ಮ ಹುಡುಗಿಗೆ ಅಂದ್ರೆ ನಾನು ಇಲ್ಲ ಅಂತೀನಾ?"

ಕಂಪನಿ ಯಾವುದೆಂದು ಕೇಳಿದ್ದ ಮನುಷ್ಯ "ನಮ್ಮ ಹುಡುಗಿ" ಎಂದದ್ದನ್ನು ಕೇಳಿ, ಅವರ ಮನೆಯ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅಂದು ಸಂಜೆ ಪ್ರಾರ್ಥನಾ ಕೂಟದಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ, ಕರಡಿಲ್ಲದೆ, ಬಂದ ಕಾಗದವನ್ನೇ ಕೈಯಲ್ಲಿ ಹಿಡಿದು ಎದ್ದು ನಿಂತೆ. "ಮಲಾವಿಯಲ್ಲಿ ಧಾರಾಕಾರವಾಗಿ ಮಳೆಯಾಗುತ್ತಿದೆ" ಎಂದದ್ದೇ ತಡ, ಇಡೀ ಕೋಣೆ "ಸ್ತೋತ್ರ! ಸ್ತೋತ್ರ!" ಎಂದು ಎದ್ದಿತು. ಚಪ್ಪಾಳೆ. ಬಸ್ ಕಂಡಕ್ಟರಾಗಿ ನಿವೃತ್ತರಾದ ಜಯರಾಜ್, ಉಪವಾಸದ ಎರಡನೆಯ ವಾರವೇ ತನಗೆ ಹೊಟ್ಟೆಯಲ್ಲಿ ಗುಡುಗಿನ ಅನುಭವವಾಗಿತ್ತೆಂದು ಸಾಕ್ಷಿ ಹೇಳಿದರು. ಅಕ್ಕನ ಮುಖ ಬೆಳಗುತ್ತಿತ್ತು. ನಾನು ಕೈಯೆತ್ತಿ, "ಅದು ನಿಲ್ಲಬೇಕೆಂದು ಪ್ರಾರ್ಥಿಸಲು ಹೇಳಿದ್ದಾರೆ" ಎಂದೆ. ಚಪ್ಪಾಳೆ ಒಂದೊಂದಾಗಿ ನಿಂತಿತು.

"ಅದೆಂಗೆ ಸಾರ್?" ಎಂದರು ಜಯರಾಜ್. "ಹೋದ ವಾರ ಸುರೀಲಿ ಅಂದು ಈ ವಾರ ನಿಲ್ಲಲಿ ಅಂದ್ರೆ, ಮೇಲಿರೋರು ನಮ್ಮನ್ನ ಏನ್ ಅಂದ್ಕೋತಾರೆ?"

ನಾನು ಇಟ್ಟಿಗೆಯ ವಿಷಯ ಹೇಳಿದೆ. ಹೇಳುತ್ತಿರುವಾಗಲೇ ನನಗೊಂದು ದೊಡ್ಡ ತೊಡಕು ಕಾಣಿಸಿತು. ಈ ಮಳೆ ನಮ್ಮ ಪ್ರಾರ್ಥನೆಯಿಂದ ಬಂತೆಂದರೆ ಆ ಹೆಂಗಸರ ಇಟ್ಟಿಗೆಯನ್ನು ಕರಗಿಸಿದವರು ನಾವು. ಅಲ್ಲವೆಂದರೆ ನಾವು ಯಾಕೆ ಮೊಣಕಾಲೂರುತ್ತೇವೆ? ದೊಡ್ಡ ದೊಡ್ಡ ಬೈಬಲ್ ಪಂಡಿತರಿಗೆ ಬಿಡಬೇಕಾದ ಪ್ರಶ್ನೆ. ನನ್ನ ಬಳಿ ಇದಕ್ಕಿಂತ ಸಣ್ಣ ಉತ್ತರವೊಂದಿತ್ತು, ಅದನ್ನು ಹೇಳುವುದು ಕಷ್ಟವಾಗಿತ್ತು. ಕೊನೆಗೆ ಹೇಳಿದೆ: ನಾವು ಕೇಳಲು ಶುರುಮಾಡುವ ಮೊದಲೇ ಅಲ್ಲಿ ಮಳೆ ಬಂದಿತ್ತು, ಕಾಗದವೂ ಬಂದಿತ್ತು, ನಾನು ಬಿಚ್ಚಿರಲಿಲ್ಲ.

"ಅಂದ್ರೆ ನಾಲ್ಕು ವಾರ ನಾವು ಬಂದಿರೋ ಮಳೆಗೇ ಉಪವಾಸ ಇದ್ವಾ?" ಎಂದರು ಜಯರಾಜ್.

"ಹೌದು."

ಇಟ್ಟಿಗೆ ಹೋದದ್ದಕ್ಕಿಂತ ತಮ್ಮ ಗುಡುಗಿನ ಸಾಕ್ಷಿ ಹೋದದ್ದೇ ಅವರಿಗೆ ಹೆಚ್ಚು ನೋವಾದಂತೆ ಕಂಡಿತು. ನಮ್ಮ ಪಾದ್ರಿ ಅಯ್ಯನವರು ತರುಣರು, ಸಮಾಧಾನಿಗಳು. "ನಾವು ತಡ ಮಾಡಿದ್ದನ್ನೂ ಸೇರಿಸಿ ಕೇಳೋಣ" ಎಂದು ಕಣ್ಣು ಮುಚ್ಚಿಸಿದರು. ಎಲ್ಲರೂ ಮಳೆ ನಿಲ್ಲಲೆಂದು ಬೇಡಿಕೊಂಡರು, ಆದರೆ ಸ್ವಲ್ಪ ಸಂಕೋಚದಿಂದ, ಕೊಂಡ ಸೀರೆಯನ್ನು ವಾಪಸು ಕೊಡಲು ಅಂಗಡಿಗೆ ಹೋದವರ ಹಾಗೆ.

ಕೂಟ ಮುಗಿದ ಮೇಲೆ ಅಕ್ಕನನ್ನು ಮನೆ ಮುಟ್ಟಿಸಲು ಆಟೋ ಹತ್ತಿದೆವು. ಮಾಗಡಿ ರಸ್ತೆ ದಾಟುವಾಗ ಅವಳು ನನ್ನ ಕಡೆ ತಿರುಗಿದಳು. "ಪ್ರಸನ್ನ, ಕಾಗದ ಎರಡು ಹಾಳೆ ಇತ್ತು. ನೀನು ಒಂದೇ ಓದ್ದೆ" ಎಂದಳು.

ಇಂಗ್ಲಿಷ್ ಬಾರದವರಿಗೆ ಹಾಳೆ ಎಣಿಸಲು ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಟಾರ್ಪಾಲಿನ ವಿಷಯ ಹೇಳಿದೆ. ಡಾಕ್ಟರುಗಳ ವಿಷಯ, ತಾರೀಕು, ನಂಜಪ್ಪನವರ ಮಹಡಿ, ಎಲ್ಲವನ್ನೂ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಬೇಗ ಓದೋಕೆ ಆಗಲ್ಲ ಅಂತ ನಂಗೆ ಒಂದ್ಸಲನಾದ್ರೂ ಹೇಳ್ಬಾರ್ದಿತ್ತೇನೋ" ಎಂದಳು.

"ಕರಡು ಮಾಡ್ತಿದ್ದೆ ಅಕ್ಕ. ಚೆನ್ನಾಗಿರ್ಲಿ ಅಂತ."

"ಯಾರಿಗೋ ಚೆನ್ನಾಗಿರ್ಬೇಕು? ನನ್ ಮಗಳು ಹೇಗಿದಾಳೆ ಅಂತ ಗೊತ್ತಾದ್ರೆ ಸಾಕಿತ್ತು ನಂಗೆ." ಆಮೇಲೆ, "ಹೊಸ ಬಣ್ಣದ ವಾಸ್ನೆ ಇನ್ನೂ ಹೋಗಿಲ್ಲ ಆ ರೂಮಿಂದು" ಎಂದಳು. ಆಟೋದವನು ರೇಡಿಯೋ ಸಣ್ಣಗೆ ಮಾಡಿದ.

ಡಿಸೆಂಬರಿನ ಪತ್ರ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೇ ಅಕ್ಕ ನಮ್ಮ ಮನೆಯಲ್ಲಿದ್ದಳು. ಕೃಪಾ ಪೇಟೆಯಿಂದ ಫೋನು ಮಾಡಿದ್ದಳಂತೆ. ಈ ಸಲ ಅಕ್ಕ ಹಲ್ಲಿನ ಮಾತು ಬಿಟ್ಟು, ಕಾಗದ ಕಳಿಸಿದೆಯಾ ಎಂದು ಮೊದಲು ಕೇಳಿದಳಂತೆ. ಕುರ್ಚಿಯನ್ನು ನನ್ನ ಮೇಜಿನ ಮುಂದೆ ಎಳೆದುಕೊಂಡು ಕುಳಿತು, "ಓದು" ಎಂದಳು. ಕನ್ನಡಕ ಹುಡುಕುತ್ತೇನೆಂದೆ, ತಲೆಯ ಮೇಲಿದೆ ಎಂದಳು. ಓದುತ್ತಾ ಹೋದೆ, ಆಡುಮಾತಿನಲ್ಲಿ, ಒಂದು ಗಂಭೀರ ಪದವೂ ಇಲ್ಲದೆ. ಎರಡೂ ಹಾಳೆ ಮುಗಿಯಲು ಹನ್ನೆರಡು ನಿಮಿಷ ಹಿಡಿಯಿತು. ಮೂರು ವರ್ಷದಿಂದ ಮೂರು ಮೂರು ವಾರ ದಣಿದಿದ್ದೆಲ್ಲ ಹನ್ನೆರಡು ನಿಮಿಷದ ಕೆಲಸವಾಗಿತ್ತೆಂದು ತಿಳಿದಾಗ ಆದ ದಣಿವು ಮಾತ್ರ ನಿಜವಾದದ್ದು.

ಇಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಕರಗಿಹೋಗಿತ್ತು. ಅಲ್ಲಿ ಮಳೆಗಾಲ ಮುಗಿಯುವುದು ಏಪ್ರಿಲಿಗೆ. ಹೊಸ ಇಟ್ಟಿಗೆ ಕೊಯ್ಯಲು ಶುರುಮಾಡುವುದು ಮೇ ತಿಂಗಳಲ್ಲಿ. ಕೃಪಾ ಈ ವರ್ಷ ಬರಲಿಲ್ಲ.