ಬಿಡಲೊಲ್ಲದ ಫ್ಯಾನು

ಇಷ್ಟಕ್ಕೆಲ್ಲ ಕಾರಣ ಬೆರಳ ತುದಿಯಷ್ಟು ಗ್ರೀಸು. ಕಡಲತಡಿಯ ಕೇಣಿ ಊರಿನ ಜಟ್ಟಿ ಹಿಂದೊಮ್ಮೆ ತನ್ನ ದೋಣಿಗೆ ಪ್ರೊಪೆಲ್ಲರ್ ಕೂರಿಸುವಾಗ ಶಾಫ್ಟಿಗೆ ಅದನ್ನು ಹಚ್ಚಲು ಮರೆತಿದ್ದ. ಪ್ರೊಪೆಲ್ಲರಿಗೆ ಕೇಣಿಯವರು ಫ್ಯಾನು ಎನ್ನುತ್ತಾರೆ. ಆ ಫ್ಯಾನು ವರ್ಷಗಟ್ಟಲೆ ಉಪ್ಪುನೀರು ಕುಡಿದು ಶಾಫ್ಟನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಮೇ ತಿಂಗಳಲ್ಲಿ ಬಂಡೆ ತಾಗಿ ಅದರ ಒಂದು ಎಲೆ ಸೊಟ್ಟಗಾಯಿತು. ಅಲ್ಲಿಂದ ಎಂಜಿನ್ ಹಾಕಿದರೆ ಸಾಕು, ದೋಣಿ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಜಟ್ಟಿ ಬೈತಖೋಲ ಬಂದರಿನಿಂದ ಹೊಸ ಫ್ಯಾನೇನೋ ತಂದಿಟ್ಟಿದ್ದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ದಿನ ಇವತ್ತು. ಮಧ್ಯಾಹ್ನ ಭರತದ ನೀರು ಏರುವುದರೊಳಗೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸದಿದ್ದರೆ ಮೊದಲ ಸಿಗಡಿಯೆಲ್ಲ ಬೇರೆಯವರ ಪಾಲು. ಹೆಂಡತಿ ಕಾಮಿ ಆ ಸಿಗಡಿಯನ್ನು ನಂಬಿ ಬೆಳಿಗ್ಗೆಯೇ ಮಸಾಲೆ ಕಡೆದಿಟ್ಟು ಬಂದಿದ್ದಳು.

ಜಟ್ಟಿ ಪಾನ ಹಾಕಿ ತಿರುಗಿಸಿ ಫ್ಯಾನಿನ ನಟ್ಟು ಬಿಚ್ಚಿ ಅವಳ ಕೈಗೆ ಕೊಟ್ಟ. "ಜೋಪಾನ. ಹೊಸ ಫ್ಯಾನಿಗೂ ಇದೇ ಆಗ್ಬೇಕು. ಮರಳಲ್ಲಿ ಬಿದ್ರೆ ಸಿಗೂದಿಲ್ಲ."

"ನಂಗೆ ಹೇಳ್ಬೇಕಾ?" ಕಾಮಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಜಟ್ಟಿ ಎಳೆದ. ಫ್ಯಾನು ಅಲುಗಲಿಲ್ಲ. ಆಗಲೇ ದೋಣಿ ನೀರಿಗಿಳಿಸಿ ಬಿಡುವಾಗಿದ್ದ ನೆರೆಮನೆಯ ಬೊಮ್ಮು ಸುತ್ತಿಗೆ ಹಿಡಿದು ಬಂದ. "ಸರಿ ಆಚೆ. ಎರಡು ಪೆಟ್ಟು ಹಾಕಿದ್ರೆ ತನ್ನಷ್ಟಕ್ಕೇ ಬತ್ತದೆ."

ಎರಡನೆಯ ಪೆಟ್ಟಿಗೆ ಸುತ್ತಿಗೆಯ ತಲೆ ಕಳಚಿ ಜಟ್ಟಿಯ ಕಿವಿಯ ಪಕ್ಕದಲ್ಲೇ ಹಾರಿಹೋಯಿತು.

"ಹಾಂಗಲ್ಲ ಬಾವಾ," ಎಂದ ಕಾಮಿಯ ತಮ್ಮ ನಿತೇಶ. ಅವನು ಕೈಗಾದ ಅಣುಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಅಲ್ಲಿ ಹುಲ್ಲು ಕತ್ತರಿಸುವ ಕೆಲಸವಾದರೂ ವಿಜ್ಞಾನದ ಮಾತು ಅವನಿಗೆ ಅಂಟಿಕೊಂಡಿತ್ತು. "ಲೋಹ ಕಾಸಿದ್ರೆ ಹಿಗ್ತದೆ. ಹಿಗ್ಗಿದ್ರೆ ಬಿಡ್ತದೆ."

ತೆಂಗಿನ ಸಿಪ್ಪೆಯ ಬೆಂಕಿ ಹಾಕಿದರು. ಫ್ಯಾನು ಕಾಯುವ ಮೊದಲು ಜಟ್ಟಿಯ ಲುಂಗಿಯ ಅಂಚು ಹೊತ್ತಿಕೊಂಡಿತು. ಕಾಮಿ ಕೊಡ ನೀರು ಸುರಿದು ಗಂಡನನ್ನೂ ಬೆಂಕಿಯನ್ನೂ ಒಟ್ಟಿಗೇ ಆರಿಸಿದಳು.

ಅಷ್ಟರಲ್ಲಿ ಊರೆಲ್ಲ ನೆರೆದಿತ್ತು. ಭರತದ ನೀರು ದೋಣಿಯ ಹಿಂಬದಿಯನ್ನು ಮುಟ್ಟತೊಡಗಿತ್ತು. ಜಟ್ಟಿಗೆ ಅಳುವೇ ಬಂತು.

ಬೊಮ್ಮು ತೊಡೆ ತಟ್ಟಿದ. "ಬಲೆ ಎಳೆಯೂ ಜನ ನಾವು! ಫ್ಯಾನಿಗೆ ಹಗ್ಗ ಹಾಕಿ ಎಳೆದ್ರೆ ಬರದೇ ಎಲ್ಲಿಗೆ ಹೋಗ್ತದೆ?"

"ದೋಣಿನೇ ಬಂದ್ರೆ?" ಎಂದ ನಿತೇಶ.

"ಅದರ ಮೂತಿ ಗಾಳಿಮರಕ್ಕೆ ಕಟ್ತೆ. ಗಂಟು ನಂದು. ಹೆದರೂದು ಬ್ಯಾಡ."

ಶಾಫ್ಟು ತಿರುಗದಂತೆ ಪಾನದಿಂದ ಹಿಡಿದುಕೊಳ್ಳಲು ಜಟ್ಟಿ ದೋಣಿಯೊಳಗೆ ಹತ್ತಿದ. ಊರವರು ಸೊಂಟಮಟ್ಟದ ನೀರಿನಲ್ಲಿ ನಿಂತು "ಐಸಾ!" ಎಂದು ಜಗ್ಗಿದರು. ಫ್ಯಾನು ಬರಲಿಲ್ಲ. ಬೊಮ್ಮುವಿನ ಗಂಟು ಬಿಚ್ಚಿತು. ಕೆಳಗಿದ್ದ ಉರುಳು ಮರಗಳ ಮೇಲೆ ದೋಣಿ ಸರ್ರನೆ ಹಿಂದಕ್ಕೆ ಜಾರಿತು. ಎಳೆಯುವವರು ಎಡಬಲಕ್ಕೆ ಹಾರಿದರು, ಸಡಿಲಾದ ಹಗ್ಗ ಫ್ಯಾನಿನಿಂದ ಕಳಚಿಬಿತ್ತು, ಜಟ್ಟಿ ಪಾನ ಹಿಡಿದುಕೊಂಡೇ ಕಡಲು ಸೇರಿದ.

ಅಲೆಗಳು ದೋಣಿಯನ್ನು ತಿರುಗಿಸಿ ಕಪ್ಪು ಬಂಡೆಗಳತ್ತ ತಳ್ಳಿದವು. ಜಟ್ಟಿಗೆ ಫ್ಯಾನೂ ಬೇಡ, ಸಿಗಡಿಯೂ ಬೇಡ, ಜೀವ ಉಳಿದರೆ ಸಾಕಾಗಿತ್ತು. ಎಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿದ. ದೋಣಿ ಗಡಗಡ ನಡುಗಿ ಎರಡು ಮಾರು ಹಿಂದೆ ಸರಿಯಿತು. ಕೆಳಗೆಲ್ಲೋ ಟಣ್ ಎಂದಿತು. ನಡುಕ ನಿಂತೇಹೋಯಿತು.

"ಬಂತೋ! ಫ್ಯಾನು ಬಂತೋ!" ಜಟ್ಟಿ ಕುಣಿದ. ದಡದವರೂ ಚಪ್ಪಾಳೆ ತಟ್ಟಿದರು.

ಕಾಮಿಯ ಕೈ ಮಾತ್ರ ಸೆರಗಿನ ಗಂಟಿಗೆ ಹೋಯಿತು. ಮುಂದೆ ಓಡುವಾಗ ಶಾಫ್ಟಿಗೆ ಒತ್ತಿಕೊಳ್ಳುವ ಫ್ಯಾನು ಹಿಂದೆ ಓಡುವಾಗ ಹೊರಕ್ಕೆ ಜಗ್ಗುತ್ತದೆ. ತಡೆದು ನಿಲ್ಲಿಸಬೇಕಾದ ನಟ್ಟು ಇಲ್ಲಿತ್ತು. ಅವಳು ಗಂಟು ಬಿಚ್ಚಿ ನಟ್ಟನ್ನು ಎತ್ತಿ ಹಿಡಿದು ಚೀರಿದಳು. "ಅಯ್ಯಯ್ಯೋ, ಫ್ಯಾನು ಮುಳುಗ್ತಲ್ರೋ! ದೋಣಿ ಹೋಗೂದು ಹ್ಯಾಂಗೆ?"

ಆಗ ಜಟ್ಟಿಗೂ ಹೊಳೆಯಿತು. ಕುಣಿತ ನಿಂತು ಕೂಗು ಶುರುವಾಯಿತು. ಬಂಡೆ ಕೈಗೆಟುಕುವಷ್ಟು ಹತ್ತಿರವಾದಾಗ ಬೊಮ್ಮು ತನ್ನ ದೋಣಿಯಲ್ಲಿ ಧಾವಿಸಿ ಹಗ್ಗ ಎಸೆದ. ಈ ಸಲ ಗಂಟು ಹಾಕಿದವನು ಜಟ್ಟಿ, ಹಾಗಾಗಿ ಬಿಚ್ಚಲಿಲ್ಲ.

ದೋಣಿಯನ್ನು ಮತ್ತೆ ಮರಳಿಗೆಳೆದಾಗ ಅದಕ್ಕೊಂದು ಗೀರೂ ಆಗಿರಲಿಲ್ಲ. ಕಾಮಿ ಓಡಿಬಂದು, ಊರೆಲ್ಲ ನೋಡುತ್ತಿದೆಯೆಂಬುದನ್ನೂ ಮರೆತು, ಗಂಡನ ಎರಡೂ ಕೈ ಹಿಡಿದುಕೊಂಡು ಅತ್ತಳು. ಜಟ್ಟಿಯ ಎದೆ ಹಗುರಾಯಿತು. ಜೀವ ಇದೆ, ದೋಣಿ ಇದೆ, ಹಾಳು ಫ್ಯಾನೂ ಹೋಯಿತು. ಭರತ ಇನ್ನೂ ಇಳಿದಿರಲಿಲ್ಲ.

"ಬೇಗ ಬೇಗ!" ಎಂದ. ಶಾಫ್ಟಿಗೆ ಅಂಗೈ ತುಂಬ ಗ್ರೀಸು ಬಳಿದ. ಹೊಸ ಫ್ಯಾನು ಬೆಣ್ಣೆಯಂತೆ ಒಳಹೋಗಿ ಕೂತಿತು. ಜಟ್ಟಿ ನಗುತ್ತ ಹಿಂದಕ್ಕೆ ಕೈ ಚಾಚಿದ. "ಕಾಮಿ, ನಟ್ಟು ಕೊಡು."

ಕಾಮಿ ಸೆರಗು ನೋಡಿಕೊಂಡಳು. ಆಮೇಲೆ ಗಂಡನ ಕೈ ಹಿಡಿಯಲು ಖಾಲಿಯಾಗಿದ್ದ ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ, ತಾನು ಓಡಿಬಂದ ಅಷ್ಟುದ್ದದ ಮರಳು ನೋಡಿದಳು.

"ನೀವು ಬಂದ್ರಲ್ಲ," ಎಂದಳು ಮೆಲ್ಲಗೆ, "ಅಷ್ಟೇ ಸಾಕು ಅನ್ನಿಸ್ತು ನಂಗೆ."

ಜಟ್ಟಿ ಮರಳಿನ ಮೇಲೆ ಕುಳಿತ. ಬೊಮ್ಮು ಅವನ ಹೆಗಲ ಮೇಲೆ ಕೈಯಿಟ್ಟ.

"ಹೆದರಬ್ಯಾಡ ಮಾರಾಯಾ. ನಂಗೊಂದು ಉಪಾಯ ಹೊಳೆದದೆ."