ಸೈದಪ್ಪನ ಮೆಟ್ಟಿಲಿಗೆ ಕೆಂಪು ಪಟ್ಟಿ

ಅಫಜಲಪುರದ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಖಂಡಪ್ಪ, "ಆಳಂದದಾಗ ನಿಮ್ಮ ಮನಿ ಎಂಥಾದ್ರಿ?" ಎಂದು ಕೇಳಿದ. ಸೈದಪ್ಪ ಹೋಳಿಗೆ ಅಗಿಯುತ್ತಲೇ, "ಮಹಡಿ ಮನಿರಿ" ಎಂದುಬಿಟ್ಟ. ತೊಂದರೆ ಶುರುವಾದದ್ದು ಅಲ್ಲಿಂದ.

ಅದು ಪೂರ್ತಿ ಸುಳ್ಳೂ ಅಲ್ಲ. ಆಳಂದದ ಪೇಟೆಯಲ್ಲಿ ಹಗ್ಗ, ಗೋಣಿಚೀಲ ಮಾರುವ ಸೈದಪ್ಪ ಮಹಡಿ ಕಟ್ಟಿಸಲು ಹೊರಟದ್ದು ನಿಜ. ಪಡಸಾಲೆಯಿಂದ ಅಗಲವಾದ ಕಟ್ಟಿಗೆಯ ಮೆಟ್ಟಿಲು ಏರಿಸಿದ. ಅದರ ತುದಿಗೆ ಕೆತ್ತನೆಯ ಬಾಗಿಲು ನಿಲ್ಲಿಸಿದ. ಅಷ್ಟರಲ್ಲಿ ಯುದ್ಧ, ಊರವರ ಮಾತಿನಲ್ಲಿ ಲಡಾಯಿ, ಶುರುವಾಗಿ ಸಾಗವಾನಿ ಕಟ್ಟಿಗೆಯೆಲ್ಲ ಫೌಜಿನ ಪಾಲಾಯಿತು. ಈಗ ಆ ಬಾಗಿಲು ತೆಗೆದರೆ ಕಾಣುವುದು ಬಯಲು ಮಾಳಿಗೆ, ಹೆಂಡತಿ ನಿಂಬೆವ್ವ ಒಣಹಾಕಿದ ಮೆಣಸಿನಕಾಯಿ, ಮತ್ತು ಬೇಕಾದಷ್ಟು ಆಕಾಶ.

ಮಗಳು ಹಣಮವ್ವನಿಗೆ ಬಂದ ಎರಡು ಸಂಬಂಧ ಆಗಲೇ ಮುರಿದಿದ್ದವು. ಖಂಡಪ್ಪನ ಮಗನೋ, ಆಳಂದದಲ್ಲೇ ಸರಕಾರಿ ಕಚೇರಿಯ ನೌಕರನಂತೆ. ಅಂಥ ವರನ ತಂದೆ ಮಧ್ಯಾಹ್ನದ ಮೋಟಾರಿಗೆ ಮನೆ ನೋಡಲು ಬರುತ್ತಾನೆಂದು ಬೆಳಿಗ್ಗೆ ಸುದ್ದಿ ಬಂದಾಗ ಸೈದಪ್ಪನ ಕೈಯಲ್ಲಿದ್ದ ಚಹಾ ಧೋತರದ ಮೇಲೆ ಇಳಿಯಿತು.

"ಮಹಡಿ ಇನ್ನಾ ಕಟ್ಟಿಲ್ಲಂತ ಹೇಳಿಬಿಡ್ರಿ," ಎಂದಳು ನಿಂಬೆವ್ವ.

"ಈಗ ಹೇಳಿದ್ರ, ಸುಳ್ಳ ಹೇಳ್ಯಾನ ಅಂತಾರ."

"ಹೇಳೀರಲ್ಲ?"

"ಅದು ಬ್ಯಾರೆ ಮಾತು. ಅನ್ನಿಸಿಕೊಳ್ಳೋದು ಬ್ಯಾರೆ ಮಾತು."

ಧೋತರ ಬದಲಿಸುವಷ್ಟರಲ್ಲಿ ಸೈದಪ್ಪನಿಗೆ ಒಂದು ಉಪಾಯ ಹೊಳೆಯಿತು. ಮೆಟ್ಟಿಲ ಕಡೆ ಕೈ ಮಾಡಿ ಅಂದ, "ಪಾವಟಿಗಿಗೆ ಏನರ ಹಾಸೂನು. ಎಂಥಾದು ಹಾಸಬೇಕಂದ್ರ, ನೋಡಿದವರಿಗೆ ಅದರ ಮ್ಯಾಲ ಕಾಲಿಡಾಕ ಧೈರ್ಯ ಆಗಬಾರದು. ಕೆಳಗ ನಿಂತು ವ್ಹಾ ಅನ್ನಬೇಕು, ಅಲ್ಲಿಂದಲೇ ಹೊಳ್ಳಬೇಕು."

ಮದುವೆಗಳಿಗೆ ಜಮಖಾನ ಬಾಡಿಗೆಗೆ ಕೊಡುವ ದಾವಲಸಾಬ ಬೇಡಿಕೆ ಕೇಳಿ ಗಡ್ಡ ಕೆರೆದುಕೊಂಡ. "ಪಟ್ಟಿ ಒಯ್ತೀರೋ, ಪೂರಾ ಒಯ್ತೀರೋ? ಪಟ್ಟಿ ಅಂದ್ರ ನಡುವ ಅಷ್ಟೇ ಹಾಸೋದು, ಎರಡೂ ಬಾಜೂ ಕಟ್ಟಿಗಿ ಕಾಣ್ತದ. ಪೂರಾ ಅಂದ್ರ ಈ ಗ್ವಾಡಿಯಿಂದ ಆ ಗ್ವಾಡಿ ತನಕ, ಕಟ್ಟಿಗಿ ಹೆಸರೇ ಇಲ್ಲ."

ಸೈದಪ್ಪನಿಗೆ ತಿಳಿಯಲಿಲ್ಲ. ಎರಡನ್ನೂ ಬಂಡಿಗೆ ಹಾಕಿಸಿ, ದಾವಲಸಾಬನನ್ನೂ ಅದರ ಮೇಲೆ ಕೂರಿಸಿಕೊಂಡು ಬಂದ. ಬಂಡಿ ಮನೆ ಮುಂದೆ ನಿಂತದ್ದೇ ತಡ, ಆಚೆ ಮನೆಯ ಪ್ಯಾರಿಬಿಯೂ ಎದುರು ಮನೆಯ ಅಮೋಘಸಿದ್ದನೂ ಒಳಗಿದ್ದರು.

ಅಮೋಘಸಿದ್ದ ಗುಲಬರ್ಗಾದ ಯಾವುದೋ ಸಾಹೇಬರ ಬಂಗಲೆಯಲ್ಲಿ ಬಹಳ ಕಾಲ ಚಪರಾಸಿಯಾಗಿದ್ದವನು. "ಪಟ್ಟಿನೇ ಹಾಸಬೇಕು," ಎಂದ. "ಬಂಗಲ್ಯಾಗ ಪಟ್ಟಿನೇ ಇತ್ತು. ಪೂರಾ ಮುಚ್ಚಿದ್ರ, ಕಟ್ಟಿಗಿ ಹುಳಾ ತಿಂದಾವ, ಅದಕ್ಕ ಮುಚ್ಯಾನ ಅಂತಾರ."

"ನಡುವ ಪಟ್ಟಿ ಹಾಸಿದ್ರ ಅದು ದಾರಿ ಆದಂಗಾತು, ಸೈದಣ್ಣ," ಎಂದಳು ಪ್ಯಾರಿಬಿ. "ದಾರಿ ಕಂಡ್ರ ಮಂದಿ ನಡೀತಾರ. ಪೂರಾ ಹಾಸಿದ್ರ, ಇದು ದೊಡ್ಡವರು ಕೂಡೋ ಗಾದಿ ಅಂತ ಅಂಜತಾರ."

ಅಂಜುತ್ತಾರೆ ಎಂಬ ಮಾತು ಸೈದಪ್ಪನಿಗೆ ಹಿಡಿಸಿತು. ಪೂರಾ ಜಮಖಾನ ಬಿಚ್ಚಿದರು. ಬಾಡಿಗೆಯ ಮಾಲು, ಮೊಳೆ ಹೊಡೆಯುವಂತಿಲ್ಲ. ಮೇಲಿನಿಂದ ಇಳಿಬಿಟ್ಟರೆ ಅದು ಮೆಟ್ಟಿಲುಗಳ ಆಕಾರವನ್ನೇ ಒಪ್ಪಲಿಲ್ಲ. ತುದಿಯಿಂದ ಬುಡದವರೆಗೆ ಬಿಗಿಯಾಗಿ ಜೋತು ಬಿದ್ದು, ಮೆಟ್ಟಿಲು ಹೋಗಿ ಹೂಬಳ್ಳಿ ಚಿತ್ತಾರದ ಇಳಿಜಾರು ಗುಡ್ಡವಾಯಿತು.

"ಗಟ್ಟಿ ಅದ ಏನು ನೋಡ್ತೇನಿ," ಎಂದು ಅಮೋಘಸಿದ್ದ ಏರಿದ. ಅರ್ಧಕ್ಕೆ ಹೋಗುವವರೆಗೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಗಾಳಿಯಿದೆ ಎಂದು ಕಾಲಿನಿಂದ ತಡಕುತ್ತಿದ್ದ. ಆಮೇಲೆ ಗಾಳಿಯ ಮೇಲೆ ಕಾಲಿಟ್ಟ. ಬಂಡಿಯಿಂದ ಜಾರಿದ ತೊಗರಿ ಚೀಲದ ಹಾಗೆ, ಜಮಖಾನದ ಸಮೇತ ಬಂದು ದಾವಲಸಾಬನ ಕಾಲಬುಡಕ್ಕೆ ಮುಟ್ಟಿದ.

"ಜಮಖಾನಕ್ಕ ಏನೂ ಆಗಿಲ್ಲಲ್ಲ?" ಎಂದ ದಾವಲಸಾಬ.

"ನಾ ಹೇಳಲಿಲ್ಲೇನು," ಎಂದ ಅಮೋಘಸಿದ್ದ ಮಲಗಿದಲ್ಲಿಂದಲೇ. "ಪಟ್ಟಿನೇ ಛಲೋ."

ಮಧ್ಯಾಹ್ನ ಹತ್ತಿರ ಬಂದಿತ್ತು. ಪಟ್ಟಿ ಬಿಚ್ಚಿದರು. ಕೆಂಪು ಬಣ್ಣ, ಬಂಗಾರದ ಅಂಚು, ತೆಳು ನೇಯ್ಗೆಯಾದ್ದರಿಂದ ಮೆಟ್ಟಿಲಿನ ನಡುವೆ ಮಡಿಕೆಗೆ ಮಡಿಕೆ ಕೂತು ಎಷ್ಟು ಚೆಂದ ಕಂಡಿತೆಂದರೆ ಪ್ಯಾರಿಬಿಯೂ ಬಾಯಿ ಮುಚ್ಚಿದಳು. ಆದರೆ ಮೆಟ್ಟಿಲು ಮುಗಿದರೂ ಪಟ್ಟಿ ಮುಗಿಯಲಿಲ್ಲ.

"ಇದು ಪಾವಟಿಗಿದಲ್ರಿ," ಎಂದ ದಾವಲಸಾಬ. "ಮದುಮಗ ಕುದುರಿ ಇಳದು ಹಂದರದ ತನಕ ನಡಿಯೋ ಪಟ್ಟಿ."

"ಉಳಿದದ್ದು ಕತ್ತರಸೂನು?"

"ಮೊದಲ ನನ್ನ ಕುತ್ತಿಗಿ ಕತ್ತರಸ್ರಿ."

ಉಳಿದದ್ದನ್ನು ಸುರುಳಿ ಸುತ್ತಿ ಮೆಟ್ಟಿಲ ಬುಡಕ್ಕೆ ಇಟ್ಟರು. ಅದು ಗಾಣದ ಕಲ್ಲಿನಷ್ಟು ದಪ್ಪಗೆ ಕೂತಿತು. ಇದನ್ನು ಯಾರು ದಾಟಿ ಹತ್ತುತ್ತಾರೆ ಎಂದು ಸೈದಪ್ಪನಿಗೂ ಸ್ವಲ್ಪ ಸಮಾಧಾನವಾಯಿತು. ಅಷ್ಟರಲ್ಲಿ ಓಣಿಯಲ್ಲಿ ಮೋಟಾರು ನಿಲ್ದಾಣದಿಂದ ಬಂದ ಟಾಂಗಾದ ಗೆಜ್ಜೆ ಕೇಳಿಸಿತು. "ಬಂದ್ರು, ಬಂದ್ರು" ಎನ್ನುತ್ತ ಅಮೋಘಸಿದ್ದ ಏಳಲು ಹೋಗಿ, ನೆಟ್ಟಗಾಗದ ಸೊಂಟವನ್ನು ಆ ಸುರುಳಿಗೆ ಆನಿಸಿದ. ಸುರುಳಿ ಹೊರಟಿತು. ಪಡಸಾಲೆ ದಾಟಿ, ಹೊಸ್ತಿಲು ಹಾರಿ, ಇಳಿಜಾರಿನ ಓಣಿಗೆ ಬಿದ್ದು, ಕೆಂಪಗೆ ಬಿಚ್ಚಿಕೊಳ್ಳುತ್ತ ಹೋಗಿ ಟಾಂಗಾದ ಗಾಲಿಗೆ ತಾಗಿ ನಿಂತಿತು.

ಖಂಡಪ್ಪ ಟಾಂಗಾದ ಮೇಲಿಂದ ಅದನ್ನು ನೋಡಿದ. ಅವನ ಜನ್ಮದಲ್ಲಿ ಯಾರೂ ಅವನಿಗಾಗಿ ಇಂಥದ್ದನ್ನು ಹಾಸಿರಲಿಲ್ಲ. ರುಮಾಲು ಸರಿಮಾಡಿಕೊಂಡು, ಕೆರವು ಬಿಟ್ಟು, ಪಟ್ಟಿಯ ಮೇಲೆ ಕಾಲಿಟ್ಟ.

"ಬರ್ರಿ, ಕಾಲಿಗಿ ನೀರು ತಗೋರಿ," ಎಂದ ಸೈದಪ್ಪ.

"ಆಮ್ಯಾಲ ತಗೋತೇನ್ರಿ. ಇಷ್ಟು ಮರ್ಯಾದಿ ಮಾಡಿ ಹಾಸೀರಿ. ಮುಗಿಯೋ ತನಕ ನಡೀಲಿಲ್ಲಂದ್ರ ನಿಮಗ ಅವಮಾನ ಮಾಡಿದಂಗ ಆಗ್ತದ."

"ಮೊದಲ ಚಹಾ ಕುಡೀರಿ."

"ಮ್ಯಾಲೇ ಕುಡೀತೇನಿ."

ಖಂಡಪ್ಪ ಕಣ್ಣು ಪಟ್ಟಿಯಿಂದ ಎತ್ತದೆ ನಡೆದ. ಹೊಸ್ತಿಲು ದಾಟಿದ, ಪಡಸಾಲೆ ದಾಟಿದ, ಮೆಟ್ಟಿಲು ಏರಿದ. ಸೈದಪ್ಪ ಒಮ್ಮೆ ಅವನ ಎಡಕ್ಕೆ, ಒಮ್ಮೆ ಬಲಕ್ಕೆ ಬರಿಯ ಕಟ್ಟಿಗೆಯ ಮೇಲೆ ಓಡುತ್ತ, ಮಹಡಿಯಲ್ಲಿ ಧೂಳಿದೆ, ಚೇಳಿವೆ, ಕಡೆಗೆ ಮುದುಕಿಯೊಬ್ಬಳು ಮಲಗಿದ್ದಾಳೆ ಎಂದೂ ಹೇಳಿದ. "ದೊಡ್ಡವರಿಗಿ ಶರಣ ಮಾಡೇ ಹೋಗ್ತೇನಿ," ಎಂದು ಖಂಡಪ್ಪ ಬಾಗಿಲು ನೂಕಿದ.

ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಮುಂದೆ ಆಕಾಶ ಇತ್ತು. ಒಂದನ್ನೂ ನೋಡದೆ ಬಿಡಬಾರದೆಂದು ತನ್ನ ಮಾಳಿಗೆಗೆ ಓಡಿ ಹತ್ತಿದ್ದ ಪ್ಯಾರಿಬಿ ಅಲ್ಲಿಂದಲೇ ಸಲಾಮು ಹೇಳಿದಳು.

"ಮಹಡಿ ಎಲ್ಲಿ ಅದರಿ?" ಎಂದು ಖಂಡಪ್ಪ ಕೇಳಿದ.

ಸೈದಪ್ಪ ಒಮ್ಮೆ ಮೆಟ್ಟಿಲ ಕೆಳಗೆ ನೋಡಿದ. ಕೆಳಗೆ ಮಗಳು ಕಂಬದ ಮರೆಯಲ್ಲಿ ನಿಂತಿರುವುದು ಅವನಿಗೆ ಗೊತ್ತಿತ್ತು. "ಪಾವಟಿಗಿ ತನಕ ಆಗ್ಯದ್ರಿ. ಉಳಿದದ್ದು ಲಡಾಯಿ ಮುಗಿದ ಮ್ಯಾಲ. ತಪ್ಪಾತು. ಹುಡುಗಿದೇನೂ ತಪ್ಪಿಲ್ಲ."

ಖಂಡಪ್ಪ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಎದಿ ಹಗುರಾತು ನೋಡ್ರಿ," ಎಂದ. "ನಮ್ಮ ಹುಡುಗನ ನೌಕರಿನೂ ಹಿಂಗೇ ಅದ. ದಿನಾ ಕಚೇರಿಗಿ ಹೋಗ್ತಾನ, ಕಾಗದ ಬರೀತಾನ, ಬೈಸಿಕೊಳ್ತಾನ. ಪಗಾರ ಒಂದು ಶುರು ಆಗಿಲ್ಲ."

"ಯಾವಾಗ ಶುರು ಆಗ್ತದ್ರಿ?"

"ಲಡಾಯಿ ಮುಗಿದ ಮ್ಯಾಲ ಅಂತಾರ."

ಸೈದಪ್ಪನಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಾಗುವ ಮುಖ ಅವನ ಹತ್ತಿರ ಉಳಿದಿರಲಿಲ್ಲ.

"ಹಂಗಾದ್ರ ಸಂಬಂಧ ಪಕ್ಕಾ ಆತಲ್ರಿ, ಬೀಗರ?" ಎಂದ ಖಂಡಪ್ಪ. ಎದ್ದು ಮಾಳಿಗೆಯ ಉದ್ದಗಲ ನಡೆದು ನೋಡಿದ. "ಗಾಳಿ ಛಲೋ ಅದ. ಹುಡುಗ ಮುಸಾಫಿರಖಾನ್ಯಾಗ ಇದ್ದ. ಬಾಡಿಗಿ ಕೊಡವಲ್ಲಂತ ನಿನ್ನೆ ಅಲ್ಲಿಂದ ಎಬ್ಬಿಸ್ಯಾರ. ನಿಮ್ಮದು ಮಹಡಿ ಮನಿ ಅಂದದ್ದಕ್ಕೇ ನಾ ಇಷ್ಟು ಲಗೂ ಬಂದದ್ದು. ಮದವಿ ತನಕ ಅಂವ ಮ್ಯಾಲ ಇರ್ಲಿ, ನೀವು ಕೆಳಗ ಇರ್ರಿ. ನಡುವ ಬಾಗಲ ಅದ, ಚಿಲಕ ನಿಮ್ಮ ಕಡೀಗೇ ಅದ."

"ಮಳಿ ಬಂದ್ರ?" ಎಂದ ಸೈದಪ್ಪ.

"ಅಷ್ಟರಾಗ ನೀವು ಒಂದು ಖೋಲಿ ಏರಸ್ತೀರಿ." ಖಂಡಪ್ಪ ಮಾಳಿಗೆಯ ಅಂಚಿಗೆ ಹೋಗಿ ಓಣಿಗೆ ಬಗ್ಗಿ ಕೂಗಿದ. "ಇಳಿಯಪ್ಪಾ, ತಮ್ಮಾ. ಮನಿ ಪಸಂದ ಆತು."

ಕೆಳಗಿನಿಂದ ನಿಂಬೆವ್ವ, "ಊಟಕ್ಕ ಎಷ್ಟು ಮಂದಿರಿ?" ಎಂದು ಕೇಳಿದಳು. ಟಾಂಗಾದಲ್ಲಿ ಇಷ್ಟು ಹೊತ್ತು ಮುದುರಿ ಕುಳಿತಿದ್ದ ಖಂಡಪ್ಪನ ಎಳೆ ಮೀಸೆಯ ಮಗ, ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಹಾಸಿಗೆಯ ಸುರುಳಿ ಹೊತ್ತು ಇಳಿದ. ಕೆಂಪು ಪಟ್ಟಿಯ ಮೇಲೆ ಕಾಲಿಟ್ಟು, ದಾರಿಯನ್ನು ಯಾರಿಗೂ ಕೇಳದೆ, ನೇರ ಮೇಲಕ್ಕೆ ಬಂದ.