ಹಗುರ ಚೀಲಕ್ಕ ಏಳು ಕಿಸೆ

ಜರಾ ಹತ್ತರ ಬರ್ರಿ. ಬರೋ ಮುಂದ ಆ ಕಿಡಕಿ ಹಾಕಿ ಬರ್ರಿ, ಎದುರುಮನಿ ಕಟ್ಟಿ ಮ್ಯಾಲ ಯಾರೋ ಕುಂತಂಗ ಕಾಣತೈತಿ. ಈಗ ನಾ ಹೇಳೋದು ನಿಮ್ಮ ಹೊಟ್ಟ್ಯಾಗ ಇರಬೇಕು. ನಾರಾಯಣಪೇಟಿಯಾಗ ಇದು ಯಾರಿಗೂ ಗೊತ್ತಿಲ್ಲ. ಗೊತ್ತಿರೋರಿಗೆ ನಾನೇ ಹೇಳೀನಿ, ಅವರೂ ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡ್ಯಾರ.

ಯುಗಾದಿ ಮುಂದ ನಮ್ಮ ಓಣಿ ಮಂದಿ ಶ್ರೀಶೈಲದ ಮಲ್ಲಯ್ಯನ ಹತ್ತರ ನಡದು ಹೋಗ್ತಾರ. ಮಕ್ತಲ, ಆಮ್ಯಾಲ ಕೃಷ್ಣಾ ಹೊಳಿ ದಾಟಿ ಗದ್ವಾಲ, ಇಟಿಕ್ಯಾಲ, ಮುಂದ ನಲ್ಲಮಲ ಅಡವಿ. ಇಷ್ಟು ಮಂದಿ ಕೂಡಿ ನಡದ್ರ ಏನರ ಒಂದು ಆಗೇ ಆಗತೈತಿ. ಈ ಸಲ ಆಗಿದ್ದೆಲ್ಲಾ ಕಿಸೆ ಸಂಬಂಧ. ಅಂಗಿ ಕಿಸೆ ಅಲ್ಲರಿ. ಬೆನ್ನಿಗೆ ಹಾಕ್ಕೊಳ್ಳೋ ಚೀಲಕ್ಕ ಹೊರಗ ಹಚ್ಚಿಸಿಕೊಳ್ತಾರಲ್ಲ, ಆ ಕಿಸೆ.

ಮೊದಲು ಸಾಮಾನು ಹೊರಾಕ ಹಿಂದ ಒಂದು ಟ್ರ್ಯಾಕ್ಟರ್ ಬರತಿತ್ತು. ಈ ಸಲ ಟ್ರ್ಯಾಕ್ಟರ್ ಸಿಗಲಿಲ್ಲ. ನಮ್ಮ ಗುಂಪಿಗೆ ಹಿರೇತನ ಮಾಡೋನು ರಿಟೈರ್ ಆದ ಬಸ್ ಕಂಡಕ್ಟರ್. ಅಂವ ಹುಕುಂ ಮಾಡಿದ: "ತಮ್ಮ ತಮ್ಮ ಚೀಲ ತಾವೇ ಹೊರಬೇಕು. ನೀರು ಬಿಟ್ಟು ಐದು ಕಿಲೋ. ಗದ್ವಾಲದಾಗ ತೂಗಿಸ್ತೀನಿ. ಒಂದು ಚಮಚ ಜಾಸ್ತಿ ಬಂದ್ರೂ ಅಲ್ಲಿಂದ ಬಸ್ಸಿಗೆ ಕುಂದರಸಿ ಊರಿಗೆ ವಾಪಸ್."

ಹೋದ ಎರಡು ವರ್ಷ ಮಂಡಿ ನೋವು ಅಂತ ನನ್ನನ್ನ ಬಸ್ಸಿನಾಗ ಕಳಿಸಿದ್ರು. ಬಸ್ಸಿನಾಗ ಹೋದ್ರ ದೇವರು ಸಿಗತಾನ, ಸುದ್ದಿ ಸಿಗಂಗಿಲ್ಲ. ಸಾಯೋದ್ರೊಳಗ ಒಮ್ಮೆ ನನ್ನ ಕಾಲಿಲೇ ಆ ಅಡವಿ ದಾಟಬೇಕು ಅಂತ ನಾನೂ ಹಟ ಹಿಡದು ಹೊಂಟೆ.

೧. ಬ್ಯಾಗಿನ ಭಾಯಿ

ಸೊಸಿ ನನಗ ಒಂದು ಚೀಲ ತರಿಸಿಕೊಟ್ಲು. ಕೈಯಾಗ ಹಿಡಿದ್ರ ಒಣಗಿದ ಮುತ್ತಲೆಲಿ ಹಿಡದಂಗ, ತೂಕನ ಇಲ್ಲ. ಒಂದೇ ಬಾಯಿ, ಒಂದೇ ಹೊಟ್ಟಿ. ಹೊರಗ ಒಂದು ಕಿಸೆ ಇಲ್ಲ.

"ಅಲ್ಲವಾ, ಫೋನು ಎಲ್ಲಿಡ್ಲಿ?" ಅಂದೆ.

"ಒಳಗ ಇಡ್ರಿ ಅತ್ತಿ."

"ವಿಭೂತಿ?"

"ಒಳಗ."

"ಮಂಡಿಗೆ ಹಚ್ಚೋ ಎಣ್ಣಿ?"

"ಅದೂ ಒಳಗ."

"ಹಂಗಾದ್ರ ಹೊತ್ತಿಗೊಮ್ಮೆ ಚೀಲದಾಗ ತಲಿ ಹಾಕಿ ಹುಡುಕಬೇಕೇನು?"

"ಹುಡುಕ್ರಿ. ಅಷ್ಟು ಹೊತ್ತರ ಗುಂಪಿನ ಮಂದಿ ಆರಾಮ ಇರ್ತಾರ."

ಇಂಥಾಕಿ ಜೋಡಿ ಏನು ಮಾತು ಅಂತ ಚೀಲ ತಗೊಂಡು ಬಜಾರಿಗೆ ಹೋದೆ. ಅಲ್ಲಿ ಬ್ಯಾಗ್ ಹೊಲಿಯೋ ಭಾಯಿ ಅದಾನ. ಗ್ವಾಡಿ ತುಂಬ ಕಿಸೆ ತೂಗಹಾಕಿದ್ದ. ಹೆಗಲಪಟ್ಟಿಗೆ ಸಿಗಿಸೋ ಬಾಟ್ಲಿ ಕಿಸೆ, ನಡಪಟ್ಟಿಗೆ ಪೋಣಿಸೋ ಸಣ್ಣ ಸಂಚಿ, ಬಗಲಿಗೆ ಜಾಳಗಿ ಕಿಸೆ, ಎದಿ ಮುಂದ ಫೋನಿಂದು. ನನಗ ಎಲ್ಲಾ ಬೇಕು ಅನ್ನಿಸ್ತು.

ಭಾಯಿ ಅಂದ, "ಅಮ್ಮಾ, ನಡಕೊಂತ ಯಾವುದಕ್ಕ ಕೈ ಹೋಗತೈತಿ ಅದಕ್ಕಷ್ಟ ಕಿಸೆ ಹಚ್ಚಸ್ರಿ. ಕುಂತಾಗ ಬೇಕಾಗೋದು ಒಳಗ ಇರಲಿ. ಕಿಸೆ ಅಂದ್ರ ಬಟ್ಟಿ ತೂಕ ಅಲ್ಲ. ಖಾಲಿ ಕಿಸೆ ದುನಿಯಾದಾಗ ಇಲ್ಲ. ಮುಂಜಾನಿ ಹೊಲಿದ್ರ ಸಂಜಿಗೆ ತುಂಬಿರತೈತಿ."

ಶ್ಯಾಣ್ಯಾ ಮನುಷ್ಯ. ಎರಡೇ ಸಾಕಂದೆ, ನಡಪಟ್ಟಿಗೆ ಎಡಕ್ಕೊಂದು ಬಲಕ್ಕೊಂದು. ಅಷ್ಟರಾಗ ಎದುರುಮನಿಯಾಕಿ ಬಂದ್ಲು. ಸೀರಿ ವ್ಯಾಪಾರದೋರ ಮನಿಯಾಕಿ, ನನಗಿಂತ ಹತ್ತು ವರ್ಷ ಸಣ್ಣಾಕಿ. ಆಕಿ ಈ ಸಲ ದೊಡ್ಡ ಹರಕಿ ಹೊತ್ತಿದ್ಲು. ಶ್ರೀಶೈಲ ಮುಟ್ಟೋ ತನಕ ಕರದದ್ದು ಬಾಯಿಗೆ ಇಡಂಗಿಲ್ಲ. ಒಂದು ಹೊತ್ತು ಊಟ, ಉಳಿದದ್ದು ಬಾಳಿಹಣ್ಣು, ಮಜ್ಜಿಗಿ. ಓಣಿಯಾಗ ಇದನ್ನ ಹೇಳದ ಮನಿ ಇಲ್ಲ. ಇಂಥಾ ಉಪವಾಸದಾಕಿ ಗ್ವಾಡಿಗೆ ಕೈ ತೋರಿಸಿ, "ಅದು, ಅದು, ಮತ್ತ ಅದು" ಅಂತ ಏಳು ಕಿಸೆ ಆರಿಸಿದ್ಲು. ಸಾಲದ್ದಕ್ಕ ಎಂಟನೇದರ ಮ್ಯಾಲ ಕಣ್ಣು ಹಾಕಿದ್ಲು.

ಭಾಯಿ ಚೀಲ ತಿರುಗಿಸಿ ತಿರುಗಿಸಿ ನೋಡಿ ಅಂದ, "ಅಮ್ಮಾ, ಚೀಲದ ಮ್ಯಾಲ ಜಾಗ ಮುಗೀತು. ಎಂಟನೇದು ಬೇಕಂದ್ರ ನಿಮ್ಮ ಯಜಮಾನರನ್ನ ಕರಕೊಂಡು ಬರ್ರಿ, ಅವರ ಬೆನ್ನಿಗೆ ಹೊಲೀತೀನಿ."

೨. ಸೆರಗಿನ ಕಿಸೆ

ನಮ್ಮ ಗುಂಪಿನಾಗ ಒಬ್ಬ ನೇಕಾರ, ಅವನ ಹೆಂಡ್ತಿ. ಅಂವ ಭಾಯಿ ಹತ್ತರ ಹೋಗಲಿಲ್ಲ. ಮಗ್ಗದಾಗ ಉಳಿದ ತುಂಡು ತಗೊಂಡು ತಾನೇ ಒಂದು ಕಿಸೆ ಹೊಲಿದು ಚೀಲದ ನೆತ್ತಿ ಮ್ಯಾಲ ಹಚ್ಚಿದ. ಕೆಂಪು ಚೌಕಡಿ, ಅಂಚಿಗೆ ಜರಿ. ಬಿಸಲಾಗ ಅದು ಮಿಂಚೋದು ನೋಡಿ ದಾರಿಯಾಗಿನ ಹೆಂಗಸರೆಲ್ಲಾ ನಿಂತು ಕೇಳೋರು, "ಈ ಸೀರಿ ಎಲ್ಲಿ ಸಿಗತೈತಿ?"

ಊರು ದಾಟಿದ ಮ್ಯಾಲ ಹೆಂಡ್ತಿ ಕೇಳಿದ್ಲು, "ನನಗ ಒಂದು ಸೀರಿ ನೇಯಿ ಅಂದ್ರ ಮದುವಿ ಆದಾಗಿಂದ ನೂಲಿಲ್ಲ, ಜರಿ ಇಲ್ಲ ಅಂತೀರಿ. ಚೀಲಕ್ಕ ಎಲ್ಲಿಂದ ಬಂತು?"

ಆ ಮೂಢ ಅಂದ, "ಚೀಲ ನನ್ನ ಭಾರ ಹೊರತೈತಲ್ಲ."

ಇಂಥಾ ಮಾತು ಹೆಂಡ್ತಿ ಮುಂದ ಆಡಬಾರದು ಅಂತ ಅವನ ಮಗ್ಗಕ್ಕೂ ಗೊತ್ತಿರತೈತಿ. ಆಕಿ ಜಗಳ ಆಡಲಿಲ್ಲ. ಗಂಡನ ಜೋಡಿ ಮಾತು ಬಿಟ್ಟು ಅವತ್ತಿಂದ ಚೀಲದ ಜೋಡಿ ಮಾತಾಡಾಕ ಹತ್ತಿದ್ಲು. ಅವನ ಹಿಂದ ನಡಕೊಂತ, "ಬಿಸಲು ಹತ್ತೇತೇನವಾ? ನೆಳ್ಳಿಗೆ ಕುಂದರ್ತಿ ಏನು? ನಿನ್ನ ಯಜಮಾನರಿಗೆ ಹೇಳು, ರೊಟ್ಟಿ ಬೇಕಂದ್ರ ನಿನಗ ಬಡಿಯಾಕ ಹೇಳಲಿ."

೩. ಮಕ್ತಲದಾಗ ಕರುಂ ಕುರುಂ

ಮಕ್ತಲದಾಗ ಮಧ್ಯಾಹ್ನ ಒಂದು ಗುಡಿ ಪೌಳಿಯಾಗ ಕಾಲು ಚಾಚಿದ್ವಿ. ಎದುರುಮನಿಯಾಕಿ ನೀರು ತರಾಕ ಹೋಗಿದ್ಲು. ನಾ ಸುಮ್ಮನ ಆಕಿ ಚೀಲಕ್ಕ ಒರಗಿದೆ. ಸುಮ್ಮನ ಅಂದ್ರ ಸುಮ್ಮನರಿ, ನನ್ನ ಮನಸಿನಾಗ ಏನೂ ಇರಲಿಲ್ಲ. ಒರಗಿದ ಕೂಡ್ಲೇ ಬೆನ್ನ ಹಿಂದ ಕರುಂ ಅಂತು. ಈ ಕಡೆ ಸರದೆ, ಕುರುಂ ಅಂತು. ಬಾಳಿಹಣ್ಣು ಹಂಗ ಸಪ್ಪಳ ಮಾಡಂಗಿಲ್ಲ.

ಕಿಸೆ ಒಳಗ ಇಲಿ ಗಿಲಿ ಹೊಕ್ಕಿದ್ರ ಪಾಪ ಆಕಿಗೇ ತ್ರಾಸು ಅಂತ ಒಂದರ ಚೈನು ಜಗ್ಗಿ ನೋಡಿದೆ. ಅಕ್ಕಿಹಿಟ್ಟಿನ ಸಕಿನಾಲು. ಇನ್ನೊಂದರಾಗ ಚಕ್ಕಲಿ. ಬಾಟ್ಲಿ ಕಿಸೆಯಾಗ ಖಾರಾಬೂಂದಿ. ಫೋನಿನ ಕಿಸೆಯಾಗ ಕೋಡಬಳಿ, ಒಂದರ ಮ್ಯಾಲ ಒಂದು ಅಳತಿ ಮಾಡಿ ಜೋಡಿಸಿದ್ಲು. ಏಳು ಕಿಸೆ, ಏಳೂ ಕರದದ್ದು. ಐದು ಕಿಲೋ ಅಲ್ಲ, ಎಂಟು ಆಗತೈತಿ ಅಂತ ನನ್ನ ಕೈ ಹೇಳ್ತು. ಗದ್ವಾಲದಾಗ ಈಕಿ ಬಸ್ಸಿಗೆ ಹತ್ತೋದು ಖರೆ ಅನ್ಕೊಂಡು ಚೈನು ಹೆಂಗಿತ್ತೋ ಹಂಗ ಹಾಕಿದೆ.

ಪರರ ಗುಟ್ಟು ಹಂಗ ಬಯಲು ಮಾಡಾಕಿ ಅಲ್ಲ ನಾನು. ನೇಕಾರನ ಹೆಂಡ್ತಿ ಒಬ್ಬಾಕಿ ಕಿವಿಯಾಗ ಹೇಳಿದೆ, ಅಷ್ಟ. ಆಕಿಗೆ ಎಡಗಿವಿ ಮಂದ ಅಂತ ಜರಾ ಗಟ್ಟಿ ಹೇಳಬೇಕಾತು. ಪೌಳಿಯಾಗ ಇದ್ದ ಉಳಿದ ಹದಿನಾಲ್ಕು ಮಂದಿ ಕಿವಿ ಮಾತ್ರ ಚಲೋ ಇದ್ವು. ಅದಕ್ಕ ನಾ ಏನು ಮಾಡ್ಲಿ?

೪. ನಡು ಮುಂದಿನ ಪೀಪಿ

ಮಕ್ತಲ ದಾಟಿದ ಮ್ಯಾಲ ನಾ ಜರಾ ಹಿಂದ ಬೀಳಾಕ ಹತ್ತಿದೆ. ಮಂಡಿ ಅಲ್ಲ, ಮುಡುಪು. ನಡದು ಹೋಗೋರು ಊರಾಗ ಬಂದ್ರ ಹೆಂಗಸರು ಬಾಗಲಿಗೆ ಬಂದು ಅರಿಶಿನ ಬಟ್ಟಿಯಾಗ ಕಾಸು, ಅಕ್ಕಿ ಕಟ್ಟಿ ಕೊಡ್ತಾರ. ಮಲ್ಲಯ್ಯಗ ಮುಟ್ಟಸ್ರಿ ಅಂತಾರ, ಒಲ್ಲೆ ಅನ್ನಂಗಿಲ್ಲ. ಗುಂಪಿನ ಮಂದಿ ಒಂದೋ ಎರಡೋ ಇಸಗೊಂಡು ಮುಂದ ಹೋಗೋರು. ನಾ ನಿಂತು ಯಾಕ, ಏನು ಅಂತ ವಿಚಾರಿಸ್ತಿದ್ದೆ. ಏನೂ ಕೇಳದ ಒಯ್ದ್ರ ಯಾವುದು ಯಾರದ್ದು ಅಂತ ಮಲ್ಲಯ್ಯಗರ ಹೆಂಗ ಗೊತ್ತಾಗಬೇಕು? ಮಗಳ ಸಂಬಂಧ ಯಾಕ ಮುರೀತು, ಮೈದುನ ಯಾಕ ಬ್ಯಾರೆ ಆದ, ಎಲ್ಲಾ ಕೇಳಿಕೊಂಡು, ಮುಡುಪು ಕಿಸೆಯಾಗ ಹಾಕ್ಕೊಂಡು ಬರೋದ್ರಾಗ ಗುಂಪು ಅರ್ಧ ಮೈಲಿ ಮುಂದ ಇರತಿತ್ತು.

ಹಿಂದ ಬಿದ್ದೋರನ್ನ ಕರಿಯಾಕ ಅಂತ ಕಂಡಕ್ಟರ್ ತನ್ನ ನಡು ಮುಂದಿನ ಕಿಸೆಯಾಗ ಹಳೇ ಪೀಪಿ ಇಟ್ಟಿದ್ದ. ಆ ಕಿಸೆ ನಡುವಿಗೆ ಕಟ್ಟಿದ ಮ್ಯಾಲ ಅವನಿಗೆ ನೌಕರಿ ವಾಪಸ್ ಬಂದಂಗ ಆಗಿತ್ತು. ಹೊಳಿ ಹತ್ತರ ನನ್ನ ಸಲುವಾಗಿ ಒಮ್ಮೆ ಜೋರಾಗಿ ಊದಿದ. ನಾ ಬಿರಬಿರ ಬರಲಿಲ್ಲ, ಹಿಂದಿಂದ ಬರತಿದ್ದ ಬಸ್ಸು ನಿಂತಿತು.

ಬಸ್ಸು ನಿಂತದ್ದು ನೋಡಿ, ಕಾಲು ಬೊಬ್ಬಿ ಬಂದಿದ್ದ ಇಬ್ಬರು ಹೆಂಗಸರು ಹಿರೇರೇ ನಿಲ್ಲಿಸ್ಯಾರ ಅಂತ ಹತ್ತಿಬಿಟ್ರು. ಕಂಡಕ್ಟರ್ ಬ್ಯಾಡ ಅನ್ನಾಕ ಓಡಿ ಬಂದ. ಆದ್ರ ಬಸ್ಸಿನ ತಗಡು ಕೈಗೆ ಸಿಕ್ಕ ಕೂಡ್ಲೇ ಎರಡು ಸಲ ಬಡದು, "ರೈಟ್, ರೈಟ್" ಅಂದ. ಬಸ್ಸು ಹೋತು. ಅಂವ ತನ್ನ ಕೈಯನ್ನ ನೋಡಿಕೊಂತ ನಿಂತ.

ಮರುದಿನ ಗದ್ವಾಲ ಮುಟ್ಟಿದ್ವಿ. ಅವರಿಬ್ಬರೂ ಜಳಕಾ ಮಾಡಿ, ಹೆರಳು ಹಾಕ್ಕೊಂಡು, ಇಡ್ಲಿ ತಿನಕೊಂತ ಕುಂತಿದ್ರು. ಬಸ್ಸು ಹತ್ತಿದೋರನ್ನ ಈಗ ಊರಿಗೆ ಕಳಸ್ತೀಯೇನಪ್ಪ ಅಂದೆ. ಕಂಡಕ್ಟರ್ ಗಂಭೀರಾಗಿ ಅಂದ, "ನಾ ಟಿಕೆಟ್ ಹರದಿಲ್ಲ. ಟಿಕೆಟ್ ಹರೀದ ಯಾರೂ ಬಸ್ಸು ಹತ್ತಿದಂಗ ಅಲ್ಲ."

೫. ಗದ್ವಾಲದ ಕಾಟಾ

ಗದ್ವಾಲದಾಗ ಶೇಂಗಾ ತೂಗೋ ಅಡತಿ ಅಂಗಡಿ ಮುಂದ ಸಾಲಾಗಿ ನಿಂತ್ವಿ. ಸಾವಕಾರ ಒಂದೊಂದೇ ಚೀಲ ಕಾಟಾದ ಮ್ಯಾಲ ಇಡೋನು, ಕಂಡಕ್ಟರ್ ಕೂಗಿ ಹೇಳೋನು.

ಎದುರುಮನಿಯಾಕಿ ಪಾಳಿ ಬಂತು. ನಾ ಮುಂದ ಹೋಗಿ ನಿಂತೆ. ಪಾಪ, ಬಸ್ಸಿಗೆ ಹತ್ತೋ ಮುಂದ ಕಣ್ಣೀರು ಹಾಕಿದ್ರ ಹಿಡಕೊಳ್ಳಾಕ ಯಾರರ ಬೇಕಲ್ಲ. ಸಾವಕಾರ ಚೀಲ ಇಟ್ಟ.

"ಮೂರೂವರಿ," ಅಂದ ಕಂಡಕ್ಟರ್.

ನನಗ ನಂಬಿಕಿ ಬರಲಿಲ್ಲ. ಕಾಟಾ ಕೆಟ್ಟೇತೇನು ನೋಡ್ರಿ ಅಂದೆ. "ನಿನ್ನಿನೇ ಮಾಡಿಸೀನಮ್ಮಾ," ಅಂದ ಸಾವಕಾರ. "ನಿಮ್ಮದು ಇಡ್ರಿ."

ಇಟ್ಟೆ. ಕಂಡಕ್ಟರ್ ಎರಡು ಸಲ ಬಗ್ಗಿ ನೋಡಿದ. "ಆರೂ ಕಾಲು."

ಎರಡೇ ಕಿಸೆ ಇದ್ದಾಕಿ ನಾನು. ಕಂಡಕ್ಟರ್ ಬಿಚ್ಚಸ್ರಿ ಅಂದ. ಬಿಚ್ಚಿದ್ರ ಎಡಗಡೆ ಮುಡುಪು, ಬಲಗಡೆ ಮುಡುಪು, ಚೀಲದ ಹೊಟ್ಟಿಯಾಗ ಸೀರಿ ಕೆಳಗ ಹರಕಿಗೆ ಅಂತ ಮಂದಿ ಕೊಟ್ಟ ಮೂರು ತೆಂಗಿನಕಾಯಿ, ಒಂದು ಹಿತ್ತಾಳಿ ಗಂಟಿ, ಮಕ್ಕಳಿಲ್ಲದಾಕಿ ಕೊಟ್ಟ ಒಂದು ಕಟ್ಟಿಗಿ ತೊಟ್ಟಲ. ಸಾವಕಾರ ತೆಲುಗಿನಾಗ, "ಅಯ್ಯೋ, ದೇವುಡಿ ಸಾಮಾನು ಅಂತಾ ಈಮೇ ಮೋಸ್ತುಂದಾ," ಅಂದು, ದೇವರ ಸಾಮಾನೆಲ್ಲಾ ಈಕಿನೇ ಹೊರತಾಳಲ್ಲ ಅಂತ ಕೈ ಮುಗದ. ಕೈ ಮುಗಿದ್ರ ತೂಕ ಇಳಿಯಂಗಿಲ್ಲ.

ಕಂಡಕ್ಟರ್ ಅಂದ, "ಅಮ್ಮಾ, ಒಂದು ಕಿಲೋ ಕಾಲು ಇಳಸ್ರಿ."

"ಇಸಗೊಂಡ ಮುಡುಪು ನೆಲಕ್ಕ ಇಳಸಾಕ ಬರತೈತೇನಪ್ಪ?"

"ಬರಂಗಿಲ್ಲ."

"ವಾಪಸ್ ಕೊಡಾಕ?"

"ಅದೂ ಬರಂಗಿಲ್ಲ." ಅಂವ ತಲಿ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ಕೈ ಮಾಡಿದ. "ನಾ ಏನು ಮಾಡ್ಲಿ, ಎಲ್ಲಾರಿಗೂ ಒಂದೇ ಹುಕುಂ."

ನನ್ನ ಬಾಯಿ ಅವತ್ತೊಂದು ದಿನ ಬಂದ್ ಆತು. ಇಷ್ಟು ದಾರಿ ಈ ಮಂಡಿ ಮ್ಯಾಲ ಬಂದೀನಿ. ಮುಂದಿನ ವರ್ಷ ಈ ಕಾಲು ಇರತಾವ ಅಂತ ಯಾರು ಹೇಳಬೇಕು? ಶೇಂಗಾ ಚೀಲದ ಮ್ಯಾಲ ಕುಂತುಬಿಟ್ಟೆ.

ಅವಾಗ ಎದುರುಮನಿಯಾಕಿ ಬಂದ್ಲು. ತನ್ನ ಚೀಲ ನನ್ನ ಮುಂದ ಇಟ್ಟು ಒಂದೊಂದೇ ಕಿಸೆ ಚೈನು ಜಗ್ಗಿದ್ಲು. ಏಳೂ ಖಾಲಿ. ಬಾಟ್ಲಿ ಕಿಸೆಯಾಗ ಒಂದು ಕಾಯಿ ಇಳಿಸಿದ್ಲು, ಜಾಳಗಿಯಾಗ ಇನ್ನೊಂದು. ತೊಟ್ಟಲ ನೆತ್ತಿ ಕಿಸೆಯಾಗ, ಗಂಟಿ ಎದಿ ಮುಂದ. ಮತ್ತ ಎರಡೂ ಚೀಲ ತೂಗಿಸಿದ್ರು. ಇಬ್ಬರದೂ ಐದರೊಳಗ ಬಂತು.

ನಾನು ನಡಿಯಾಕಿ ಅಂತ ಖಾತ್ರಿ ಆದ ಕೂಡ್ಲೇ ಜೀವ ಬಂತು, ಜೀವದ ಹಿಂದ ಬಾಯಿನೂ ಬಂತು. "ಅಲ್ಲವಾ, ಮಕ್ತಲದಾಗ ಈ ಏಳೂ ಕಿಸೆ ಕರುಂ ಕುರುಂ ಅಂತಿದ್ವಲ್ಲ. ಆ ಸಕಿನಾಲು, ಆ ಚಕ್ಕಲಿ ಎಲ್ಲಿ ಹೋದ್ವು?"

ಅಡತಿ ಮುಂದ ನಿಂತ ಮಂದಿ ಒಬ್ಬರ ಮಾರಿ ಒಬ್ಬರು ನೋಡಾಕ ಹತ್ತಿದ್ರು. ನೇಕಾರನ ಹೆಂಡ್ತಿ ಸೆರಗಿಲೆ ಬಾಯಿ ಒರಸಿಕೊಂಡ್ಲು. ಎದುರುಮನಿಯಾಕಿ ಚೀಲ ಬೆನ್ನಿಗೆ ಏರಿಸಿ, ನನ್ನ ಕಣ್ಣಾಗ ಕಣ್ಣಿಟ್ಟು, ತಣ್ಣಗ ಹೇಳಿದ್ಲು:

"ಯಕ್ಕಾ, ನೀ ಮಕ್ತಲದಾಗ ಎಲ್ಲಾರಿಗೂ ಹೇಳಿದಿ. ಗೊತ್ತಾದ ಮ್ಯಾಲ ಮುಚ್ಚಿಟ್ಟು ಹೊರೋದು ಯಾಕ ಅಂತ ಎಲ್ಲಾರೂ ಕೂಡಿ ದಾರಿ ತುಂಬ ತಿಂದು ಮುಗಿಸಿದ್ವಿ. ನೀ ಊರೂರ ಬಾಗಲದಾಗ ಸುದ್ದಿ ಕೇಳಿಕೊಂತ ನಿಂತಿದ್ದಿ ನೋಡು, ನಮ್ಮ ಸುದ್ದಿ ನಿನಗೊಬ್ಬಾಕಿಗೆ ಯಾರೂ ಹೇಳಲಿಲ್ಲ."